ಅಕ್ಕನಿಗೆ ಪೂರ್ತಿ, ಭಾವನಿಗೆ ಕಟ್: ಅಮೆರಿಕದ ಪೆನ್ಷನ್‌ಗೆ ತೆರಿಗೆ ಎಲ್ಲಿ ಕಟ್ಟಬೇಕು?

ಸರಸ್ವತಿಪುರಂ ಹುಡುಗ

ಎಲ್ಲರಿಗೂ ನಮಸ್ಕಾರ. ತೆರಿಗೆ ವಿಷಯ ಗೊತ್ತಿರೋರು ಸ್ವಲ್ಪ ದಾರಿ ತೋರಿಸಿ.

ನಮ್ಮ ಅಕ್ಕ, ಭಾವ ಇಬ್ಬರೂ ಅಮೆರಿಕದಲ್ಲಿ ದುಡಿದು ಈಗ ಮೈಸೂರಿನಲ್ಲಿ ನೆಲೆಸಿದ್ದಾರೆ. ಬಂದು ಸುಮಾರು ವರ್ಷ ಆಯ್ತು, ಹಾಗಾಗಿ ಇಲ್ಲಿನ ಲೆಕ್ಕದಲ್ಲಿ ಇಬ್ಬರೂ ಪೂರ್ತಿ ರೆಸಿಡೆಂಟ್. ಇಬ್ಬರಿಗೂ ಸೋಷಿಯಲ್ ಸೆಕ್ಯೂರಿಟಿ, ಅಂದರೆ ಅಮೆರಿಕದ ಸರ್ಕಾರ ಕೊಡೋ ಪೆನ್ಷನ್, ಬರುತ್ತದೆ. ಅಕ್ಕ ಅಲ್ಲಿನ ಪೌರತ್ವ ತಗೊಂಡಿದ್ದಳು, ಇಲ್ಲಿ ಒಸಿಐ ಕಾರ್ಡ್ (ವಿದೇಶಿ ಪೌರತ್ವ ತಗೊಂಡ ಭಾರತ ಮೂಲದವರಿಗೆ ಕೊಡೋದು) ಇದೆ. ಭಾವ ಮಾತ್ರ ಭಾರತದ ಪಾಸ್‌ಪೋರ್ಟ್ ಬಿಡಲಿಲ್ಲ. ಇಲ್ಲಿಗೆ ಬಂದ ಮೇಲೆ ಗ್ರೀನ್ ಕಾರ್ಡನ್ನೂ ಫಾರ್ಮ್ ತುಂಬಿ ವಾಪಸ್ ಒಪ್ಪಿಸಿದರು.

ಅಕ್ಕನಿಗೆ ತಿಂಗಳಿಗೆ 1,100 ಡಾಲರ್, ಪೂರ್ತಿ ಕೈಗೆ ಬರುತ್ತದೆ. ಭಾವನದು 1,600 ಡಾಲರ್, ಕೈಗೆ ಬರುವುದು 1,192. ಮಿಕ್ಕ 408 ಡಾಲರನ್ನು ಅಲ್ಲೇ ಮುರ್ಕೊಳ್ತಾರೆ. ಒಂದೇ ಮನೆ, ಒಂದೇ ಅಡುಗೆ, ಒಂದೇ ಥರದ ಪೆನ್ಷನ್. ಯಾಕೆ ಹೀಗೆ?

ಇದು ಸಾಲದು ಅಂತ ನಮ್ಮ ಆಡಿಟರ್ ಇಬ್ಬರದನ್ನೂ ಇಲ್ಲಿನ ಆದಾಯಕ್ಕೆ ಸೇರಿಸಿ ತೆರಿಗೆ ಕಟ್ಟಿಸಿದ್ದಾರೆ. "ಪೆನ್ಷನ್‌ಗೆ ಮನುಷ್ಯ ಇರೋ ದೇಶದಲ್ಲಿ ತೆರಿಗೆ, ಎರಡು ದೇಶಗಳ ತೆರಿಗೆ ಒಪ್ಪಂದದಲ್ಲೇ ಬರೆದಿದೆ" ಅಂತಾರೆ. ಹಾಗಿದ್ರೆ ಅಮೆರಿಕದವರು ಮುರ್ಕೊಳ್ಳೋದು ತಪ್ಪಲ್ವಾ?

ಎಡಿಸನ್ ಟು ಅರಸೀಕೆರೆ

ಆ 408 ಎಲ್ಲಿಂದ ಬಂತು ಅಂತ ಮೊದಲು ಹೇಳ್ತೀನಿ. ಅಮೆರಿಕದ ಪ್ರಜೆಯೂ ಅಲ್ಲದ, ಅಲ್ಲಿ ವಾಸವೂ ಇಲ್ಲದ ಮನುಷ್ಯನಿಗೆ ಸೋಷಿಯಲ್ ಸೆಕ್ಯೂರಿಟಿ ಕೊಡುವಾಗ ಅದರ ಶೇ 85 ಭಾಗವನ್ನು ಆದಾಯ ಅಂತ ಹಿಡಿದು, ಅದಕ್ಕೆ ಸೀದಾ ಶೇ 30 ತೆರಿಗೆ ಹಾಕುತ್ತಾರೆ. 1,600ರ ಶೇ 85 ಅಂದರೆ 1,360. ಅದರ ಶೇ 30 ಅಂದರೆ 408. ಒಟ್ಟು ಮೊತ್ತದ ಮೇಲೆ ಶೇ 25.5 ಆಯಿತು. ಸ್ಲ್ಯಾಬ್ ಇಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ, ಬಡವನೋ ಶ್ರೀಮಂತನೋ ಅಂತ ಕೇಳುವುದೂ ಇಲ್ಲ. ಚೆಕ್ ಬರೆಯುವ ಮೊದಲೇ ಕತ್ತರಿ.

ಅಕ್ಕ ಪ್ರಜೆ ಆದ್ದರಿಂದ ಅವರಿಗೆ ಈ ಕತ್ತರಿ ಇಲ್ಲ. ಚಂದ್ರಲೋಕದಲ್ಲಿ ಇದ್ದರೂ ಅಮೆರಿಕದ ಪ್ರಜೆ ಅಲ್ಲಿಯವರಂತೆಯೇ ವರ್ಷಕ್ಕೊಮ್ಮೆ ರಿಟರ್ನ್ ಹಾಕಿ ಸ್ಲ್ಯಾಬ್ ಪ್ರಕಾರ ಕಟ್ಟಬೇಕು. ವರ್ಷದ ಕೊನೆಗೆ ಅಕ್ಕನಿಗೆ ಎಸ್‌ಎಸ್‌ಎ-1099 ಬಂದಿರುತ್ತದೆ, ಭಾವನಿಗೆ ಎಸ್‌ಎಸ್‌ಎ-1042ಎಸ್. ಒಮ್ಮೆ ತೆಗೆದು ನೋಡಿ.

ಹೊಟ್ಟೆ ಉರಿಯುವ ಇನ್ನೊಂದು ವಿಷಯ. ಇದೇ ಭಾವ ಮೈಸೂರಿನ ಬದಲು ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ಟೋಕಿಯೋದಲ್ಲೋ ನೆಲೆಸಿದ್ದರೆ ಅಮೆರಿಕ ಒಂದು ಸೆಂಟ್ ಕೂಡ ಮುರಿಯುತ್ತಿರಲಿಲ್ಲ. ಬ್ರಿಟನ್, ಜರ್ಮನಿ, ಜಪಾನ್, ಕೆನಡಾ, ಐರ್ಲೆಂಡ್, ಇಸ್ರೇಲ್, ಈಜಿಪ್ಟ್, ರೊಮೇನಿಯಾ ದೇಶಗಳಲ್ಲಿ ವಾಸ ಇರುವವರಿಗೆ ಒಪ್ಪಂದದಲ್ಲೇ ವಿನಾಯಿತಿ ಇದೆ. ಭಾರತಕ್ಕೆ ಆ ಭಾಗ್ಯ ಇಲ್ಲ. ಅಮೆರಿಕದ ಸರ್ಕಾರಿ ಸೇವೆಯಲ್ಲಿ ದುಡಿದ ಭಾರತೀಯ ಪ್ರಜೆಗಳಿಗೆ ಒಂದು ಸಣ್ಣ ಕಿಂಡಿ ಇದೆ, ಅಷ್ಟೇ. ನಮ್ಮಲ್ಲಿ ಎಷ್ಟು ಜನ ಅಲ್ಲಿ ಸರ್ಕಾರಿ ನೌಕರಿ ಮಾಡಿದ್ದೀವಿ ಹೇಳಿ.

ಲೆಕ್ಕದ ರಾಯರು

ಆಡಿಟರ್ ಹೇಳಿದ್ದು ಅರ್ಧ ಸರಿ. ಆ ಅರ್ಧವೇ ಅಪಾಯ.

ಭಾರತ-ಅಮೆರಿಕ ತೆರಿಗೆ ಒಪ್ಪಂದಕ್ಕೆ ಸಹಿ ಬಿದ್ದದ್ದು 1989ರಲ್ಲಿ. ಅದರ 20ನೇ ವಿಧಿ ತೆಗೆಯಿರಿ. ಮೊದಲ ಪ್ಯಾರಾ ಖಾಸಗಿ ಪೆನ್ಷನ್ ಬಗ್ಗೆ. ಅದಕ್ಕೆ ವಾಸ ಇರುವ ದೇಶದಲ್ಲಿ ಮಾತ್ರ ತೆರಿಗೆ. ನಿಮ್ಮ ಆಡಿಟರ್ ಅಲ್ಲಿಗೆ ಓದಿ ಪುಸ್ತಕ ಮುಚ್ಚಿದ್ದಾರೆ. ಎರಡನೇ ಪ್ಯಾರಾದಲ್ಲಿ ಸೋಷಿಯಲ್ ಸೆಕ್ಯೂರಿಟಿ ಮತ್ತು ಅಂಥ ಸಾರ್ವಜನಿಕ ಪೆನ್ಷನ್‌ಗಳ ಮಾತು ಬರುತ್ತದೆ. ಅವನ್ನು ಕೊಡುವ ದೇಶದಲ್ಲಿ ಮಾತ್ರ ತೆರಿಗೆ. ಪಡೆಯುವವರು ಇನ್ನೊಂದು ದೇಶದ ನಿವಾಸಿ ಆದರೂ ಅಷ್ಟೇ, ಅಮೆರಿಕದ ಪ್ರಜೆ ಆದರೂ ಅಷ್ಟೇ.

ಅಂದರೆ ಅಕ್ಕನದೂ ಭಾವನದೂ ಭಾರತದಲ್ಲಿ ಸೊನ್ನೆ. ಅಮೆರಿಕದಲ್ಲಿ ಎಷ್ಟು ಕಟ್ಟಿದರು, ಕಟ್ಟಿದರೋ ಇಲ್ಲವೋ ಅನ್ನುವುದು ಇಲ್ಲಿಗೆ ಸಂಬಂಧ ಇಲ್ಲ. "ಅಲ್ಲಿ ಅಕ್ಕ ತೆರಿಗೆ ಕಟ್ಟಿಲ್ಲ, ಆದ್ದರಿಂದ ಇಲ್ಲಿ ಕಟ್ಟಲಿ" ಅಂತ ಕೆಲವರು ವಾದ ಹೂಡುತ್ತಾರೆ. ಒಪ್ಪಂದದಲ್ಲಿ ಅಂಥ ಷರತ್ತು ಇಲ್ಲ.

ಈ ಗೊಂದಲ ಯಾಕೆ ಅಂದರೆ, ಒಪ್ಪಂದಗಳಲ್ಲಿ ಎರಡು ಥರದ ಮಾತು ಇರುತ್ತದೆ. "ತೆರಿಗೆ ಹಾಕಬಹುದು" ಅಂತ ಒಂದು, "ಅಲ್ಲಿ ಮಾತ್ರ ಹಾಕಬೇಕು" ಅಂತ ಇನ್ನೊಂದು. ಮೊದಲನೆಯದಿದ್ದರೆ ಆದಾಯವನ್ನು ಇಲ್ಲಿ ಸೇರಿಸಿ, ಅಲ್ಲಿ ಕಟ್ಟಿದ್ದಕ್ಕೆ ಕ್ರೆಡಿಟ್, ಅಂದರೆ ಇಲ್ಲಿನ ತೆರಿಗೆಯಲ್ಲಿ ಕಡಿತ, ಕೇಳಬೇಕು. 2008ರ ಆಗಸ್ಟ್ 28ರ 91ನೇ ಅಧಿಸೂಚನೆಯಲ್ಲಿ ಸರ್ಕಾರ ಇದನ್ನು ಬಿಡಿಸಿ ಹೇಳಿದೆ. ಕೆಲವು ಆಡಿಟರ್‌ಗಳು ಆ ಅಧಿಸೂಚನೆ ಹಿಡಿದು ಎಲ್ಲದಕ್ಕೂ ಅನ್ವಯಿಸಿಬಿಡುತ್ತಾರೆ. ಇಲ್ಲಿ ಎರಡನೆಯ ಥರದ ಮಾತು ಇದೆ, ಹಾಗಾಗಿ ಸೇರಿಸುವ ಪ್ರಶ್ನೆಯೇ ಬರುವುದಿಲ್ಲ.

ರಿವೈಸ್ಡ್ ರಿಟರ್ನ್ ಗಡುವು ಮುಗಿಯದ ವರ್ಷ ಇದ್ದರೆ ತಕ್ಷಣ ತಿದ್ದಿ ಹಾಕಿ. ಹಳೆಯ ವರ್ಷಗಳಿಗೆ ವಿಳಂಬ ಮನ್ನಾ ಅರ್ಜಿ ಕೊಡಬೇಕು. ಅಪ್‌ಡೇಟೆಡ್ ರಿಟರ್ನ್ ಹಾಕಿ ರಿಫಂಡ್ ಕೇಳಲು ಹೋಗಬೇಡಿ. ಅದು ತೆರಿಗೆ ಜಾಸ್ತಿ ಕಟ್ಟುವವರಿಗೆ ಮಾತ್ರ.

ಸುಮ್ನಿರಪ್ಪ

ಇಷ್ಟೆಲ್ಲ ಯಾಕೆ? ಅಲ್ಲಿನ ಅಕೌಂಟ್‌ನಲ್ಲೇ ಬಿಡಿ. ಯಾರಿಗೂ ಗೊತ್ತಾಗಲ್ಲ.

ಲೆಕ್ಕದ ರಾಯರು

ಸ್ವಾಮೀ, ಆ ಕಾಲ ಹೋಯ್ತು. ಅಮೆರಿಕದ ಜೊತೆ 2015ರಲ್ಲೇ ಖಾತೆಗಳ ಮಾಹಿತಿ ಹಂಚಿಕೊಳ್ಳುವ ಫ್ಯಾಟ್ಕಾ ಒಪ್ಪಂದ ಆಗಿದೆ. ಬ್ರಿಟನ್ ಮತ್ತು ಬೇರೆ ದೇಶಗಳಿಂದ ಸಿಆರ್‌ಎಸ್ ಅನ್ನುವ ಇಂಥದೇ ವ್ಯವಸ್ಥೆಯ ಅಡಿಯಲ್ಲಿ ಬ್ಯಾಂಕ್ ಖಾತೆಯ ಮಾಹಿತಿ ತಾನಾಗೇ ಬರುತ್ತದೆ. 2024ರ ನವೆಂಬರ್‌ನಲ್ಲಿ ತೆರಿಗೆ ಇಲಾಖೆ ಹೊರದೇಶದ ಖಾತೆ ಇರುವವರಿಗೆ ಮೆಸೇಜ್, ಈಮೇಲ್ ಕಳಿಸಿ ರಿಟರ್ನ್‌ನಲ್ಲಿ ಹೊರದೇಶದ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ತುಂಬಿ ಅಂತ ನೆನಪಿಸಿತ್ತು.

ತೆರಿಗೆ ಇಲ್ಲ ಅನ್ನೋದು ಬೇರೆ, ತೋರಿಸಬೇಕಾಗಿಲ್ಲ ಅನ್ನೋದು ಬೇರೆ. ಪೂರ್ತಿ ರೆಸಿಡೆಂಟ್ ಆದವರು ಅಮೆರಿಕದ ಬ್ಯಾಂಕ್ ಖಾತೆಯನ್ನು ಎಫ್‌ಎಯಲ್ಲಿ ತೋರಿಸಲೇಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ. ಮನೆ, ಸೈಟು ಬಿಟ್ಟು ಉಳಿದ ಆಸ್ತಿ ಒಟ್ಟು 20 ಲಕ್ಷದೊಳಗೆ ಇದ್ದರೆ 2024ರ ಅಕ್ಟೋಬರ್‌ನಿಂದ ಆ ದಂಡ ಇಲ್ಲ. ಹಾಗಂತ ತೋರಿಸುವ ಕೆಲಸ ತಪ್ಪಲಿಲ್ಲ.

ಲೀಡ್ಸ್ ಬಿಟ್ಟು ಧಾರವಾಡ

ನಮ್ಮದು ಬ್ರಿಟನ್ ಕಥಿ, ಪೂರ್ತಿ ಉಲ್ಟಾ ನೋಡ್ರಿ.

ಭಾರತ-ಬ್ರಿಟನ್ ಒಪ್ಪಂದ 1993ರದ್ದು. ಅದರಲ್ಲಿ ಸ್ಟೇಟ್ ಪೆನ್ಷನ್‌ಗೆ, ಅಂದರೆ ಅಲ್ಲಿ ದುಡಿದವರಿಗೆ ಸರ್ಕಾರ ಕೊಡೋ ಪೆನ್ಷನ್‌ಗೆ, ಬೇರೆ ಪ್ಯಾರಾ ಇಲ್ಲ. ಸರ್ಕಾರಿ ನೌಕರಿ ಪೆನ್ಷನ್ ಒಂದು ಬಿಟ್ಟರೆ ಉಳಿದ ಪೆನ್ಷನ್‌ಗೆಲ್ಲ ವಾಸ ಇರುವ ದೇಶದಲ್ಲಿ ಮಾತ್ರ ತೆರಿಗೆ. ಅಂದರೆ ನಾನು ಧಾರವಾಡದಲ್ಲಿ ಕೂತು ಇಲ್ಲೇ ತೋರಿಸಬೇಕು. ಸ್ಟೇಟ್ ಪೆನ್ಷನ್ ಕೊಡುವಾಗ ಅವರು ಏನೂ ಮುರಿಯೋದಿಲ್ಲ. ನಾಲ್ಕು ವಾರಕ್ಕೊಮ್ಮೆ ಪೂರ್ತಿ ಬರುತ್ತದೆ. ಕಂಪನಿ ಪೆನ್ಷನ್ ಇದ್ದವರಿಗೆ ಮಾತ್ರ ಅಲ್ಲಿ ಪೇಯ್ (PAYE) ಅಂತ ಹಣ ಕೊಡುವಾಗಲೇ ತೆರಿಗೆ ಕಟ್ ಆಗುತ್ತದೆ. ಅದನ್ನು ನಿಲ್ಲಿಸಲು ಅಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ಫಾರ್ಮ್ ಕಳಿಸಬೇಕು. ಅದರ ಜೊತೆ ಇಲ್ಲಿನ ತೆರಿಗೆ ಇಲಾಖೆಯ ವಾಸದ ಸರ್ಟಿಫಿಕೇಟ್ ಬೇಕು. ಆ ಸರ್ಟಿಫಿಕೇಟಿಗೆ 10ಎಫ್‌ಎ ಅರ್ಜಿ ಕೊಟ್ಟು ಓಡಾಡಿದ್ದು ದೊಡ್ಡ ಪುರಾಣ, ಇಲ್ಲಿ ಬೇಡ.

ನನ್ನ ಸಿಟ್ಟು ತೆರಿಗೆ ಬಗ್ಗೆ ಅಲ್ಲ. ಭಾರತದಲ್ಲಿ ಇರುವವರಿಗೆ ಬ್ರಿಟನ್ ಪ್ರತಿ ವರ್ಷದ ಏರಿಕೆ ಕೊಡೋದಿಲ್ಲ. ನನಗೆ 2022ರ ಮೇನಲ್ಲಿ ಪೂರ್ತಿ ಪೆನ್ಷನ್ ಶುರುವಾದಾಗ ವಾರಕ್ಕೆ 185.15 ಪೌಂಡ್. ಇವತ್ತಿಗೂ ಅಷ್ಟೇ. ಅಲ್ಲೇ ಉಳಿದ ನನ್ನ ಗೆಳತಿಗೆ 2025-26ರಲ್ಲಿ 230.25 ಪೌಂಡ್ ಬಂತು. ಇಬ್ಬರೂ ಒಂದೇ ವಾರ್ಡ್‌ನಲ್ಲಿ ನೈಟ್ ಡ್ಯೂಟಿ ಮಾಡಿದವರು. ಮಗನ ಮನೆಗೆ ಅಂತ ನಾನು ಅಲ್ಲಿಗೆ ಹೋದರೆ, ಅಲ್ಲಿ ಇರುವಷ್ಟು ದಿನ ಹೊಸ ರೇಟು ಕೊಡ್ತಾರೆ. ವಿಮಾನ ಹತ್ತಿ ವಾಪಸ್ ಬಂದರೆ ಮತ್ತೆ ಹಳೇ ರೇಟು. ಅಮೆರಿಕದಲ್ಲಿ ನೆಲೆಸಿದ ಬ್ರಿಟಿಷ್ ಪೆನ್ಷನರ್‌ಗೆ ಏರಿಕೆ ಉಂಟು, ಕೆನಡಾ, ಆಸ್ಟ್ರೇಲಿಯಾ, ಭಾರತದವರಿಗೆ ಇಲ್ಲ. ಇದ್ಯಾವ ನ್ಯಾಯ?

ಎಡಿಸನ್ ಟು ಅರಸೀಕೆರೆ

ಮೇಡಂ, ಇಲ್ಲಿ ತೆರಿಗೆ ಎಷ್ಟು ಬೀಳುತ್ತದೆ ನಿಮಗೆ?

ಲೀಡ್ಸ್ ಬಿಟ್ಟು ಧಾರವಾಡ

ಸೊನ್ನೆ. ಲೆಕ್ಕಕ್ಕೆ ಪೌಂಡಿಗೆ 110 ರೂಪಾಯಿ ಅಂತ ಹಿಡೀರಿ. 185.15ನ್ನು 52 ವಾರಕ್ಕೆ ಗುಣಿಸಿದರೆ 9,628 ಪೌಂಡ್, ಸುಮಾರು 10.59 ಲಕ್ಷ ರೂಪಾಯಿ. ಎಫ್‌ಡಿ ಬಡ್ಡಿ ಒಂದು ಲಕ್ಷ ಸೇರಿದರೂ 12 ಲಕ್ಷದೊಳಗೇ ಇದ್ದೀನಿ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗೆ ರಿಬೇಟ್ ಇದೆಯಲ್ಲ. ಗೆಳತಿಯಷ್ಟೇ ನನಗೂ ಬಂದಿದ್ದರೆ 13.17 ಲಕ್ಷ ಆಗಿ, ಸೆಸ್ ಸೇರಿ 80 ಸಾವಿರದಷ್ಟು ತೆರಿಗೆ ಬೀಳುತ್ತಿತ್ತು. ಬಡ್ಡಿ ಸೇರಿದರೆ ಇನ್ನೂ ಜಾಸ್ತಿ. ಅವರು ಏರಿಸದೇ ಇರೋದರಿಂದ ಇಲ್ಲಿ ತೆರಿಗೆ ಉಳೀತು ಅಂತ ನಮ್ಮೆಜಮಾನ್ರು ನಗ್ತಾರೆ. ನನಗೆ ನಗು ಬರೋದಿಲ್ಲ.

ಲೆಕ್ಕದ ರಾಯರು

ಬ್ರಿಟನ್ ಪೆನ್ಷನ್ ತೋರಿಸುವವರಿಗೆ ಎರಡು ಮಾತು. ನಿಮ್ಮ ಕಂಪನಿ ಕೊಡುವ ಪೆನ್ಷನ್ ಸಂಬಳದ ತಲೆಬರಹದಲ್ಲಿ ಬರುತ್ತದೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಸ್ಟೇಟ್ ಪೆನ್ಷನ್ ಕೊಡುವ ಸರ್ಕಾರ ನಿಮ್ಮ ಮಾಲೀಕ ಆಗಿರಲಿಲ್ಲ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಅದು ಇತರೆ ಮೂಲದ ಆದಾಯ, 75 ಸಾವಿರದ ಡಿಡಕ್ಷನ್ ಕೇಳಬಾರದು. ಕೇಳುವ ಆಡಿಟರ್‌ಗಳೂ ಇದ್ದಾರೆ. ನಾನು ಹಾಕಿಕೊಡುವುದಿಲ್ಲ.

ಎರಡನೆಯದು ರೇಟು. ಗೂಗಲ್‌ನಲ್ಲಿ ಕಂಡ ರೇಟು ನಡೆಯುವುದಿಲ್ಲ. ಎಸ್‌ಬಿಐ ಟಿಟಿ ಬೈಯಿಂಗ್ ರೇಟ್, ಅಂದರೆ ಬ್ಯಾಂಕು ವಿದೇಶಿ ಹಣ ಕೊಳ್ಳುವ ರೇಟು, ಹಾಕಬೇಕು. ಇತರೆ ಮೂಲದ್ದಾದರೆ ಆರ್ಥಿಕ ವರ್ಷದ ಕೊನೆಯ ದಿನದ ರೇಟು, ಅಂದರೆ ಮಾರ್ಚ್ 31ರದ್ದು. ಸಂಬಳವಾದರೆ ಹಿಂದಿನ ತಿಂಗಳ ಕೊನೆಯ ದಿನದ್ದು. ಇದು 1961ರ ಕಾಯ್ದೆಯ ಕೆಳಗಿನ 115ನೇ ನಿಯಮ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದು ಸೆಕ್ಷನ್, ಫಾರ್ಮ್ ನಂಬರ್‌ಗಳು ಬದಲಾಗಿವೆ. ಹಳೆ ನಂಬರ್ ನೋಡಿ ಗಾಬರಿ ಆಗಬೇಡಿ.

ಕ್ಯಾಲಿಫೋರ್ನಿಯಾ ಕಡೂರು

ನಾವು ಮುಂದಿನ ವರ್ಷ ಬೆಂಗಳೂರಿಗೆ ಬರ್ತಾ ಇದ್ದೀವಿ. ಮೊದಲ ಎರಡು ಮೂರು ವರ್ಷ ಹೊರಗಿನ ಆದಾಯಕ್ಕೆ ತೆರಿಗೆ ಇಲ್ಲ ಅಂತಾರಲ್ಲ, ನಿಜಾನಾ? 401ಕೆ, ಅಂದರೆ ಅಲ್ಲಿ ಕಂಪನಿ ಮೂಲಕ ಕೂಡಿಟ್ಟ ನಿವೃತ್ತಿ ಹಣದ ಕಥೆ ಏನು?

ಲೆಕ್ಕದ ರಾಯರು

ನಿಜ, ಅದಕ್ಕೆ ಆರ್‌ಎನ್‌ಒಆರ್ ಅಂತಾರೆ, ಅಂದರೆ ರೆಸಿಡೆಂಟ್ ಹೌದು, ಆದರೆ ಇನ್ನೂ ಪೂರ್ತಿ ರೆಸಿಡೆಂಟ್ ಅಲ್ಲ. ಹಿಂದಿನ 10 ವರ್ಷದಲ್ಲಿ 9 ವರ್ಷ ನಾನ್-ರೆಸಿಡೆಂಟ್ ಆಗಿದ್ದಿರಬೇಕು, ಇಲ್ಲವೇ ಹಿಂದಿನ 7 ವರ್ಷದಲ್ಲಿ ಭಾರತದಲ್ಲಿ ಇದ್ದದ್ದು 729 ದಿನ ಮೀರಿರಬಾರದು. ಆದರೆ ಒಂದು ಹಳ್ಳ ಇದೆ. ಹೊರಗಿನ ಆದಾಯ ಮೊದಲ ಸಲ ಕೈಗೆ ಸಿಗುವುದೇ ಭಾರತದ ಖಾತೆಯಲ್ಲಿ ಆದರೆ, ಆರ್‌ಎನ್‌ಒಆರ್ ಆದರೂ ತೆರಿಗೆ ಬೀಳುತ್ತದೆ. ಮೊದಲು ಅಲ್ಲಿನ ಖಾತೆಗೆ ಹಾಕಿಸಿಕೊಂಡು ಆಮೇಲೆ ತರಿಸಿಕೊಳ್ಳಿ. ಸೋಷಿಯಲ್ ಸೆಕ್ಯೂರಿಟಿಗೆ ಒಪ್ಪಂದವೇ ಕಾಯುತ್ತದೆ. ಬ್ರಿಟನ್ನಿನವರಿಗೆ ಈ ಖಾತೆಯ ಮಾತು ಮುಖ್ಯ, ಯಾಕೆಂದರೆ ಅವರ ಸ್ಟೇಟ್ ಪೆನ್ಷನನ್ನು ಸೀದಾ ಭಾರತದ ಖಾತೆಗೆ ಹಾಕುವ ಅನುಕೂಲ ಇದೆ. ಅನುಕೂಲ ಅಂತ ಹಾಕಿಸಿಕೊಂಡು ಸಿಕ್ಕಿಹಾಕಿಕೊಳ್ಳುತ್ತಾರೆ.

401ಕೆ ನಾನು ಹೇಳಿದ 20ನೇ ವಿಧಿಯ ಮೊದಲ ಪ್ಯಾರಾಕ್ಕೆ ಸೇರಿದ್ದು. ಆ ಪ್ಯಾರಾದಲ್ಲಿ ಪೆನ್ಷನ್ ಅಂದರೆ ಕಂತಿನಲ್ಲಿ ಬರುವ ಹಣ. ಒಂದೇ ಏಟಿಗೆ ಪೂರ್ತಿ ತೆಗೆದರೆ ಆ ರಕ್ಷಣೆ ಸಿಗುವುದು ಕಷ್ಟ, ಅಲ್ಲಿ ಶೇ 30 ಕಟ್ ಆಗುತ್ತದೆ. ಒಳಗೆ ಬೆಳೆಯುತ್ತಿರುವ ಹಣಕ್ಕೆ ವರ್ಷ ವರ್ಷ ಇಲ್ಲಿ ತೆರಿಗೆ ಬೀಳದಂತೆ 89ಎ ಸೆಕ್ಷನ್ ಇದೆ. ಅಮೆರಿಕ, ಬ್ರಿಟನ್, ಕೆನಡಾ ಮೂರಕ್ಕೆ ಮಾತ್ರ. 10-ಇಇ ಫಾರ್ಮನ್ನು ರಿಟರ್ನ್ ಗಡುವಿನೊಳಗೆ ಹಾಕಬೇಕು. ಒಮ್ಮೆ ಹಾಕಿದರೆ ಹಿಂದೆ ಸರಿಯುವ ಹಾಗಿಲ್ಲ.

ಅಮ್ಮನ ಪೆನ್ಷನ್

ನಂದು ಸ್ವಲ್ಪ ತಿರುಗುಮುರುಗು. ಅಮ್ಮ ಸರ್ಕಾರಿ ಹೈಸ್ಕೂಲ್ ಟೀಚರ್ ಆಗಿದ್ದರು. ಕರ್ನಾಟಕ ಸರ್ಕಾರದ ಪೆನ್ಷನ್ ಬರುತ್ತೆ. ಈಗ ಗ್ರೀನ್ ಕಾರ್ಡ್ ಮೇಲೆ ನಮ್ಮ ಜೊತೆ ನ್ಯೂಜೆರ್ಸಿಯಲ್ಲಿದ್ದಾರೆ. ಅವರದು ಇಲ್ಲಿ ತೋರಿಸಬೇಕಾ?

ಎಡಿಸನ್ ಟು ಅರಸೀಕೆರೆ

ತೋರಿಸಬೇಕು. ಸರ್ಕಾರಿ ಸೇವೆಯ ಪೆನ್ಷನ್‌ಗೆ 19ನೇ ವಿಧಿ, ಕೊಡುವ ಸರ್ಕಾರದ ದೇಶದಲ್ಲೇ ತೆರಿಗೆ ಅಂತ ಇದೆ. ಆದರೆ ಅಮೆರಿಕ ತನ್ನ ಪ್ರಜೆಗಳಿಗೂ ಗ್ರೀನ್ ಕಾರ್ಡ್ ಇರುವವರಿಗೂ ಆ ವಿಧಿ ಉಪಯೋಗಿಸಲು ಬಿಡುವುದಿಲ್ಲ. ಅಲ್ಲಿ ಸೇರಿಸಿ, ಭಾರತದಲ್ಲಿ ಕಟ್ಟಿದ್ದಕ್ಕೆ ಕ್ರೆಡಿಟ್ ತಗೊಳ್ಳಿ. ಅಮ್ಮನಿಗೆ ಬೇರೆ ಆದಾಯ ಇಲ್ಲದಿದ್ದರೆ ಸ್ಟ್ಯಾಂಡರ್ಡ್ ಡಿಡಕ್ಷನ್‌ನಲ್ಲೇ ಮುಳುಗಿಹೋಗುತ್ತದೆ.

ನೋಡಿ, ಇಲ್ಲೂ ಅದೇ ಕಥೆ. ಯಾವ ಊರಲ್ಲಿ ಇದ್ದೀರಿ ಅನ್ನೋದಕ್ಕಿಂತ ಜೇಬಲ್ಲಿ ಯಾವ ಕಾಗದ ಇದೆ ಅನ್ನೋದೇ ತೆರಿಗೆ ತೀರ್ಮಾನ ಮಾಡುತ್ತೆ. ನಮ್ಮ ಜನ ಗ್ರೀನ್ ಕಾರ್ಡ್ ಬಿಡೋದು, ಪೌರತ್ವ ತಗೊಳ್ಳೋದು ಎಲ್ಲ ಮನಸ್ಸಿನ ಲೆಕ್ಕದಲ್ಲಿ ಮಾಡ್ತಾರೆ. ಪೆನ್ಷನ್ ಲೆಕ್ಕ ಆಮೇಲೆ ಗೊತ್ತಾಗುತ್ತೆ.

ನಿವೃತ್ತ ಮೇಷ್ಟ್ರು

ಒಂದು ಮಾತು. ಎರಡೂ ಪದ್ಧತಿಗೆ ಅವುಗಳದೇ ತರ್ಕ ಇದೆ. ಶ್ರೀಮಂತ ದೇಶಗಳ ಸಂಘ ಒಇಸಿಡಿ ಮಾದರಿ ಪೆನ್ಷನ್‌ಗೆ ವಾಸದ ದೇಶ ಅನ್ನುತ್ತದೆ. ವಿಶ್ವಸಂಸ್ಥೆಯ ಮಾದರಿ ಸಾಮಾಜಿಕ ಭದ್ರತೆಯ ಹಣಕ್ಕೆ ಕೊಡುವ ದೇಶ ಅನ್ನುತ್ತದೆ. ಕೊಡುವ ದೇಶದ ಪರವಾದ ಸಾಲಿನಿಂದ ನಮ್ಮವರಿಗೇ ಪೆಟ್ಟು ಬಿದ್ದಿದೆ. ಭಾವನವರು ದುಡಿಯುವಾಗ ಸಂಬಳದಲ್ಲಿ ಶೇ 6.2 ಕಟ್ಟಿದ್ದಾರೆ, ಮಾಲೀಕ ಇನ್ನೊಂದು ಶೇ 6.2 ಕಟ್ಟಿದ್ದಾನೆ. ಈಗ ಕಾಲು ಭಾಗ ಮತ್ತೆ ಹೋಗುತ್ತಿದೆ. ಹತ್ತು ವರ್ಷ ತುಂಬದೆ ವಾಪಸ್ ಬಂದವರಿಗಂತೂ ಕಟ್ಟಿದ್ದು ಅಲ್ಲೇ ಉಳಿಯಿತು. ಜರ್ಮನಿಯ ಜೊತೆ 2017ರ ಮೇ ತಿಂಗಳಿಂದ ಜಾರಿಯಲ್ಲಿರುವಂಥ ಸಾಮಾಜಿಕ ಭದ್ರತಾ ಒಪ್ಪಂದ ಅಮೆರಿಕದ ಜೊತೆ ಇಲ್ಲ.

ಒಂದೇ ಸಮಾಧಾನ, ಭಾರತದ ಪೆನ್ಷನ್ ಇದೆ ಅಂತ ಸೋಷಿಯಲ್ ಸೆಕ್ಯೂರಿಟಿ ಕಡಿತ ಮಾಡುತ್ತಿದ್ದ ಡಬ್ಲ್ಯುಇಪಿ ನಿಯಮವನ್ನು 2025ರ ಜನವರಿಯಲ್ಲಿ ತೆಗೆದುಹಾಕಿದರು. ಮೊದಲು ಇಲ್ಲಿ ಬ್ಯಾಂಕಿನಲ್ಲೋ ಸರ್ಕಾರದಲ್ಲೋ ದುಡಿದು ಆಮೇಲೆ ಅಲ್ಲಿಗೆ ಹೋದವರು ಒಮ್ಮೆ ತಮ್ಮ ಮೊತ್ತ ಸರಿಹೋಗಿದೆಯಾ ಅಂತ ಪರೀಕ್ಷೆ ಮಾಡಿಕೊಳ್ಳಿ.

ಎಡಿಸನ್ ಟು ಅರಸೀಕೆರೆ

@ಸರಸ್ವತಿಪುರಂ ಹುಡುಗ, ನಿಮ್ಮ ಅಕ್ಕ ಅಲ್ಲಿ ರಿಟರ್ನ್ ಹಾಕ್ತಿದ್ದಾರಾ? ಯಾವ ಸ್ಟೇಟಸ್‌ನಲ್ಲಿ?

ಸರಸ್ವತಿಪುರಂ ಹುಡುಗ

ಕೇಳಿದೆ. ಮದುವೆಯಾಗಿದ್ದೂ ಬೇರೆ ಬೇರೆಯಾಗಿ, ಅಂತ ಹಾಕ್ತಾಳಂತೆ. ತೆರಿಗೆ ಬಂದಿಲ್ಲ.

ಎಡಿಸನ್ ಟು ಅರಸೀಕೆರೆ

ಹಾಗಾದರೆ ಇದನ್ನು ನಿಧಾನವಾಗಿ ಓದಿ. ನಿಮ್ಮ ಕೇಸಲ್ಲಿ ದುಡ್ಡು ಇರೋದೇ ಇಲ್ಲಿ.

ಗಂಡನ ಜೊತೆ ಒಂದೇ ಮನೆಯಲ್ಲಿದ್ದು ಬೇರೆ ಬೇರೆ ಹಾಕಿದರೆ ಸೋಷಿಯಲ್ ಸೆಕ್ಯೂರಿಟಿಗೆ ಇರುವ ವಿನಾಯಿತಿ ಮಿತಿ ಸೊನ್ನೆ ಆಗುತ್ತದೆ. ಅಕ್ಕನ 13,200 ಡಾಲರ್‌ನಲ್ಲಿ ಹೆಚ್ಚೆಂದರೆ ಶೇ 85, ಅಂದರೆ 11,220ರವರೆಗೆ ಆದಾಯ ಅಂತ ಬರಬಹುದು. 2025ಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ 15,750 ಇರುವುದರಿಂದ ಬಚಾವ್. ಈ ಸ್ಟೇಟಸ್‌ನವರು ಆದಾಯ 5 ಡಾಲರ್ ಇದ್ದರೂ ರಿಟರ್ನ್ ಹಾಕಬೇಕು, ಅವರು ಹಾಕ್ತಿರೋದು ಒಳ್ಳೇದೇ ಆಯ್ತು.

ಇನ್ನೊಂದು ದಾರಿ ಇದೆ. ಹೆಂಡತಿ ಅಮೆರಿಕದ ಪ್ರಜೆ, ಗಂಡ ಅಲ್ಲ ಅಂದಾಗ, ಗಂಡನನ್ನೂ ತೆರಿಗೆ ಮಟ್ಟಿಗೆ ಅಲ್ಲಿನ ನಿವಾಸಿ ಅಂತ ಹಿಡಿಯಿರಿ ಎಂದು ಇಬ್ಬರೂ ಸಹಿ ಹಾಕಿ ಒಟ್ಟಿಗೆ ರಿಟರ್ನ್ ಸಲ್ಲಿಸಬಹುದು. 6013(ಜಿ) ಆಯ್ಕೆ ಅಂತಾರೆ. ಆಗ ಭಾವನಿಗೂ ಆ ಸೀದಾ ಶೇ 30ರ ಬದಲು ಮಾಮೂಲಿ ನಿಯಮ. ಇಬ್ಬರದೂ ಸೇರಿ ವರ್ಷಕ್ಕೆ 32,400 ಡಾಲರ್. ಅದರ ಅರ್ಧ 16,200. ಇದಕ್ಕೆ ಉಳಿದ ಆದಾಯ ಸೇರಿಸಿ 32,000 ದಾಟದಿದ್ದರೆ ಸೋಷಿಯಲ್ ಸೆಕ್ಯೂರಿಟಿಗೆ ತೆರಿಗೆಯೇ ಇಲ್ಲ. ಮೈಸೂರಿನ ಎಫ್‌ಡಿ ಬಡ್ಡಿ, ಮನೆ ಬಾಡಿಗೆ ಎಲ್ಲ ಸೇರಿ ವರ್ಷಕ್ಕೆ 8 ಲಕ್ಷ ಅಂದುಕೊಂಡರೂ ಹತ್ತು ಸಾವಿರ ಡಾಲರ್ ಒಳಗೆ. ಮಿತಿ ದಾಟಲಿಲ್ಲ. ತಿಂಗಳಿಗೆ 408ರಂತೆ ಮುರಿದ 4,896 ಡಾಲರ್ ರಿಫಂಡ್ ಕೇಳಬಹುದು.

ಬೆಲೆ ಏನು? ಭಾವನ ಭಾರತದ ಆದಾಯ ಪೂರ್ತಿ ಅಲ್ಲಿ ಬಿಚ್ಚಿಡಬೇಕು. ಅವರ ಹೆಸರಲ್ಲಿ ಇಲ್ಲಿನ ಮ್ಯೂಚುವಲ್ ಫಂಡ್ ಇದ್ದರೆ ಪಿಎಫ್‌ಐಸಿ ಅಂತ, ಹೊರದೇಶದ ಫಂಡ್‌ಗಳಿಗೆ ಅಮೆರಿಕ ಇಟ್ಟಿರುವ ಬಿಗಿ ನಿಯಮದ ಭಯಂಕರ ಫಾರ್ಮ್‌ಗಳು. ದೊಡ್ಡ ಸೈಟು ಮಾರುವ ವರ್ಷ ಈ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಒಮ್ಮೆ ಆಯ್ಕೆ ರದ್ದು ಮಾಡಿದರೆ ಆ ಗಂಡ ಹೆಂಡತಿಗೆ ಮತ್ತೆ ಸಿಗುವುದಿಲ್ಲ. ಅಮೆರಿಕದ ರಿಟರ್ನ್ ಮಾಡುವವರ ಹತ್ತಿರ ಎರಡೂ ಥರ ಹಾಕಿಸಿ ನೋಡಿ, ಆಮೇಲೆ ಸಹಿ.

ಸರಸ್ವತಿಪುರಂ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಇದನ್ನು ಭಾವನಿಗೆ ಓದಿ ಹೇಳಿದೆ. "ನಾಲ್ಕು ಸಾವಿರದ ಎಂಟುನೂರು ಡಾಲರ್" ಅಂತ ಎರಡು ಸಲ ಕೇಳಿದರು. ಎಸ್‌ಐಪಿಯಲ್ಲಿ ಸ್ವಲ್ಪ ಮ್ಯೂಚುವಲ್ ಫಂಡ್ ಇದೆಯಂತೆ, "ನಾಳೆನೇ ಮಾರ್ತೀನಿ" ಅಂತಿದ್ದಾರೆ. ರಾಯರೇ, ಇಲ್ಲಿನ ರಿಟರ್ನ್‌ನಲ್ಲಿ ಸೋಷಿಯಲ್ ಸೆಕ್ಯೂರಿಟಿ ಎಲ್ಲಿ ತೋರಿಸಬೇಕು?

ಲೆಕ್ಕದ ರಾಯರು

ಐಟಿಆರ್-2ರಲ್ಲಿ ಶೆಡ್ಯೂಲ್ ಇಐ. ಅಲ್ಲಿ ಒಪ್ಪಂದದ ಪ್ರಕಾರ ತೆರಿಗೆ ಇಲ್ಲದ ಆದಾಯಕ್ಕೆ ಒಂದು ಟೇಬಲ್ ಇದೆ. ಮೊತ್ತ, ದೇಶ, ವಿಧಿ ನಂಬರ್ ಕೇಳುತ್ತದೆ. 20(2) ಅಂತ ಹಾಕಿ. ಮುರಿದುಕೊಂಡ ತೆರಿಗೆಗೆ ಫಾರ್ಮ್ 67 ಹಾಕಿ ಕ್ರೆಡಿಟ್ ಕೇಳಬೇಡಿ. ಇಲ್ಲಿ ತೆರಿಗೆಯೇ ಇಲ್ಲದ ಆದಾಯಕ್ಕೆ ಕ್ರೆಡಿಟ್ ಎಲ್ಲಿಂದ ಬರಬೇಕು?

ಎಡಿಸನ್ ಟು ಅರಸೀಕೆರೆ

ಭಾವನವರಿಗೆ ಆತುರ ಬೇಡ ಅಂತ ಹೇಳಿ. ಆದರೆ ಫಂಡ್ ಮಾರುವುದೇ ಆದರೆ ಡಿಸೆಂಬರ್ 31ರೊಳಗೆ ಮಾರಿ, ಒಟ್ಟಿಗೆ ಹಾಕುವ ಆಯ್ಕೆಯನ್ನು ಮುಂದಿನ ವರ್ಷದ ರಿಟರ್ನ್‌ನಿಂದ ಶುರು ಮಾಡಲಿ. ಒಂದೇ ವರ್ಷದಲ್ಲಿ ಎರಡೂ ಮಾಡಿದರೆ ಆ ಲಾಭವೂ ಅಲ್ಲಿ ಪಿಎಫ್‌ಐಸಿ ಲೆಕ್ಕಕ್ಕೆ ಬಂದು ಕೂರುತ್ತೆ. ಇಲ್ಲಿ ಹೇಗಿದ್ರೂ ಒಂದು ವರ್ಷ ದಾಟಿದ ಈಕ್ವಿಟಿ ಫಂಡ್‌ಗೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ 12.5 ಕಟ್ಟಬೇಕು.